ಜೇಬಿನಲ್ಲಿ ಉಳಿದ ಬೀಗದಕೈ

ನನ್ನ ತಮ್ಮ ಕಣಗಳ ವೇಗವರ್ಧಕ ಯಂತ್ರವಿರುವ ಕಡೆ ಕೆಲಸದಲ್ಲಿದ್ದ. “ಕಣ್ಣಿಗೆ ಕಾಣದ ಕಣಗಳನ್ನ ಗಾಣದೆತ್ತಿನ ಹಾಗೆ ಸುತ್ತಿಸೋದಕ್ಕೂ ಸಂಬಳ ಕೊಡ್ತಾರೇನೋ?” ಎಂದು ರೇಗಿಸುತ್ತಿದ್ದೆ.

“ಎತ್ತಿಗೆ ಸುಸ್ತಾಗುತ್ತೆ ಅಕ್ಕಾ, ಇವಕ್ಕೆ ಆಗಲ್ಲ” ಎಂದು ನಗುತ್ತಿದ್ದ.

ಅಲ್ಲೊಂದು ನಿಯಮ. ಯಂತ್ರದ ಕೋಣೆಯೊಳಗೆ ಹೋಗುವ ಪ್ರತಿಯೊಬ್ಬರೂ ಗೋಡೆಯ ಹಲಗೆಯಿಂದ ಒಂದು ಬೀಗದಕೈ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಅವೆಲ್ಲ ಹಲಗೆಗೆ ಮರಳುವ ತನಕ ಯಂತ್ರ ಚಾಲೂ ಆಗದು. ಒಳಗೆ ಯಾರೂ ಸಿಕ್ಕಿಹಾಕಿಕೊಳ್ಳಬಾರದಲ್ಲ. ಒಂದು ಕಳೆದರೆ ಇನ್ನೊಂದು ಎಂಬುದೂ ಇಲ್ಲ.

ಅಮ್ಮನಿಗೆ ಮೇಲುಸಿರು ಬಂದಿದೆ ಎಂದು ನಾನು ಫೋನ್ ಮಾಡಿದ ದಿನ, ಅವನು ಬೀಗದಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಓಡಿಬಂದ. ಅಮ್ಮನ ಕಾಲೊತ್ತುತ್ತ ಕೂತವನು ಜೇಬು ಮುಟ್ಟಿ ನೋಡಿಕೊಂಡು ಬಿಳಿಚಿಕೊಂಡ.

“ಅಕ್ಕಾ, ಇದನ್ನ ಕೊಟ್ಟು ಒಂದು ಗಂಟೇಲಿ ಬಂದ್ಬಿಡ್ತೀನಿ.”

“ಅಮ್ಮನಿಗಿಂತ ಆ ಗಾಣ ಹೆಚ್ಚಾಯ್ತೇನೋ ನಿನಗೆ?”

ಅವನು ತಿರುಗಿ ಬರುವಷ್ಟರಲ್ಲಿ ಅಮ್ಮ ಇರಲಿಲ್ಲ. ಆಮೇಲೆ ಹನ್ನೊಂದು ವರ್ಷ, ಅವನೊಡನೆ ಹೂಂ, ಉಹೂಂಗಳಲ್ಲೇ ಮಾತು ಮುಗಿಸಿದೆ.

ಹೋದ ತಿಂಗಳು ನನ್ನ ಕಂಕುಳಲ್ಲಿ ಗಡ್ಡೆ ಕಾಣಿಸಿತು. ಕರೆಯದೆಯೇ ಬಂದು ಆಸ್ಪತ್ರೆಗೆ ಕರೆದೊಯ್ದವನು ಅವನೇ. ಸ್ಕ್ಯಾನಿಗೆಂದು ಖಾಲಿ ಹೊಟ್ಟೆಯಲ್ಲಿ ಆರು ಮಂದಿ ಒಳಗೆ ಕಾಯುತ್ತಿದ್ದೆವು. ಹತ್ತಾಯಿತು, ಹನ್ನೊಂದಾಯಿತು; ಸ್ಕ್ಯಾನಿಗೆ ಮೊದಲು ಚುಚ್ಚಬೇಕಾದ ಔಷಧಿ ಇನ್ನೂ ಬಂದಿರಲಿಲ್ಲ. ನಡುಗುತ್ತಿದ್ದ ಪಕ್ಕದಾಕೆಗೆ ನರ್ಸ್ ತನ್ನದೇ ಸ್ವೆಟರ್ ಹೊದಿಸಿದಳು.

“ಹೊಟ್ಟೆ ತಾಳ ಹಾಕ್ತಿದೆ ಕಣಮ್ಮಾ. ಆ ಔಷಧೀನ ನಿನ್ನೇನೇ ತರಿಸಿಟ್ಕೊಂಡಿದ್ರೆ ಆಗ್ತಿರಲಿಲ್ವಾ?” ಎಂದು ನರ್ಸನ್ನು ಕೇಳಿದೆ.

“ಇಡೋ ಹಾಗಿದ್ರೆ ಬಿಡ್ತಿದ್ವಾ ಅಜ್ಜಿ? ಈ ಇಂಜೆಕ್ಷನ್ ಆವತ್ತಿಂದು ಆವತ್ತೇ ವೇಗವರ್ಧಕದಲ್ಲಿ ತಯಾರಾಗಬೇಕು. ಎರಡು ಗಂಟೇಲಿ ಅರ್ಧ ಶಕ್ತಿ ಹೋಗ್ಬಿಡುತ್ತೆ. ಅಲ್ಲಿ ಯಂತ್ರ ನಿಂತ್ರೆ ಇಲ್ಲಿ ಎಲ್ಲರೂ ಹಸ್ಕೊಂಡೇ ಮನೆಗೆ.”

ಆಮೇಲೆ ನನಗೆ ಹಸಿವೆನ್ನುವುದೇ ತಿಳಿಯಲಿಲ್ಲ.

ಮಧ್ಯಾಹ್ನ ಹೊರಗೆ ಬಂದಾಗ ತಮ್ಮ ನನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಚಪ್ಪಲಿಯನ್ನು ಕಾಲ ಬಳಿ ಜೋಡಿಸಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ.

“ಅವತ್ತೂ ಹೀಗೇ ಜನ ಕಾಯ್ತಿದ್ರೇನೋ?”

ಯಾವತ್ತು ಎಂದು ಅವನು ಕೇಳಲಿಲ್ಲ. “ಒಂಬತ್ತು ಜನ” ಎಂದ.

“ಯಾಕೋ ಹೇಳಲಿಲ್ಲ ನೀನು?”

“ಅವತ್ತು ನೀನು ಅಳ್ತಿದ್ದೆ. ಆಮೇಲೆ... ನೀನು ಕೇಳ್ಲಿಲ್ವಲ್ಲ ಅಕ್ಕಾ.”

ದನಿಯಲ್ಲಿ ದೂರೇನೂ ಇರಲಿಲ್ಲ. ನನಗೆ ಬಗ್ಗಲಾಗದೆಂದು ತಾನೇ ಬಗ್ಗಿ ಚಪ್ಪಲಿಯನ್ನು ನನ್ನ ಪಾದಕ್ಕೆ ಒದಗಿಸಿದ. ಅವನ ತಲೆ ಪೂರ್ತಿ ನರೆತಿತ್ತು. ಅದು ಯಾವಾಗ ನರೆಯಿತೋ, ನನಗೆ ಗೊತ್ತೇ ಆಗಿರಲಿಲ್ಲ.