ಕೇಪು ಒತ್ತಿದ ಕೈ

ಲವೊನ್ ತನ್ನ ಕಪ್ಪು ಕೈಚೀಲದಿಂದ ಅಂಗಡಿಯಲ್ಲಿ ಕೊಂಡ ಕೋವಿ ತೋಟೆಗಳನ್ನು ತೆಗೆದು ಗಂಡ ಆರ್ವಿಡ್‌ನ ತೋಟೆಪೆಟ್ಟಿಗೆಯೊಳಗೆ ಇಡುತ್ತಿದ್ದಾಗ, ನಾದಿನಿ ಮೆರ್ನಾ ಕಾಫಿ ಪಾತ್ರೆ ಹೊತ್ತುಕೊಂಡು ಚರ್ಚಿನ ನೆಲಮಾಳಿಗೆಯ ಅಡುಗೆಮನೆಗೆ ಬಂದುಬಿಟ್ಟಳು. ಮೇಲೆ ಆರ್ವಿಡ್‌ನ ಶವದ ಸುತ್ತ ಜನ ಸೇರುತ್ತಿದ್ದರು.

“ಏನ್ ಅತ್ತಿಗೆ ಅದು?”

“ಏನಿಲ್ಲ. ಧೂಳು ಕೂತಿತ್ತು, ಒರೆಸ್ತಿದ್ದೆ.”

ಮೆರ್ನಾ ಪಾತ್ರೆ ಇಳಿಸಿ ಒಂದು ತೋಟೆಯನ್ನು ಎತ್ತಿ ನೋಡಿದಳು. ಆರ್ವಿಡ್ ಮನೆಯಲ್ಲೇ ಮದ್ದು ತುಂಬುತ್ತಿದ್ದದ್ದು ಮತ್ತೆ ಮತ್ತೆ ಬಳಸಿ ಮಾಸಿದ ಹಿತ್ತಾಳೆ ಕೊಳವೆಗಳಿಗೆ. ಇದು ಥಳಥಳ ಹೊಳೆಯುತ್ತಿತ್ತು.

“ಅಂಗಡೀದಲ್ವ ಇದು? ನಮ್ಮಣ್ಣನ ಮಣ್ಣಿಗೆ ಅಂಗಡಿ ತೋಟೆನಾ? ಶವಪೆಟ್ಟಿಗೆಯಿಂದ ಎದ್ದು ಬಂದಾನು.”

“ಯಾವುದಾದ್ರೇನು ಮೆರ್ನಾ, ಶಬ್ದ ಬಂದ್ರೆ ಸಾಕಲ್ವ?”

“ನಿನಗೆ ಹಾಗೇ ಕಾಣತ್ತೆ. ಇಷ್ಟು ವರ್ಷ ಸಂಸಾರ ಮಾಡಿ ಒಂದಿನಾನೂ ಅವನ ಕೆಲಸದ ಕೋಣೆಗೆ ಕಾಲಿಟ್ಟೋಳಲ್ಲ ನೀನು.”

ಆ ಕಡೆ ಬೇಟೆಗಾರ ಸತ್ತರೆ, ಅವನೇ ಕೊನೆಯದಾಗಿ ತುಂಬಿಟ್ಟ ತೋಟೆಗಳನ್ನು ಬೇಟೆ ಬಿಡಾರದ ಗೆಳೆಯರು ಸ್ಮಶಾನದ ಹಿಂದಿನ ಮಣ್ಣುದಿಬ್ಬಕ್ಕೆ ಹೊಡೆದು ಅವನನ್ನು ಕಳಿಸಿಕೊಡುವುದು ರೂಢಿ. ಮೆರ್ನಾ ಹೊಸ ತೋಟೆಗಳನ್ನೆಲ್ಲ ಆರಿಸಿ ತೆಗೆದಳು. ಅಷ್ಟರಲ್ಲಿ ಆರ್ವಿಡ್‌ನ ಗೆಳೆಯ ಡೆಲ್ಮರ್ ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಇಳಿದು ಬಂದ.

“ಕೊಡಮ್ಮ ಲವೊನ್. ಇವು ಹುಸಿ ಹೋಗಲ್ಲ, ಅದೊಂದು ನೆಮ್ಮದಿ,” ಎಂದು ಪೆಟ್ಟಿಗೆ ತೆಗೆದುಕೊಂಡು ಹೋದ.

ಆ ಪೆಟ್ಟಿಗೆಯಲ್ಲಿ ಉಳಿದ ತೋಟೆಗಳು ಲವೊನ್‌ಳ ಕೈ ದಾಟಿ ಬಂದಿರಲಿಲ್ಲ.

*

ತೋಟೆಯ ತಳದಲ್ಲಿ ಅಂಗಿಯ ಗುಂಡಿಯಷ್ಟು ಚಿಕ್ಕ ಕೇಪು ಇರುತ್ತದೆ. ಕೋವಿಯ ಸೂಜಿ ಬಡಿದಾಗ ಸಿಡಿದು ಮದ್ದಿಗೆ ಬೆಂಕಿ ಕೊಡುವುದು ಅದೇ. ಅದು ಕುಳಿಯೊಳಗೆ ತಳಮುಟ್ಟ ಕೂರಬೇಕು, ಒಂದು ಕೂದಲೆಳೆ ಮೇಲೆ ನಿಂತರೂ ಸೂಜಿಯ ಏಟೆಲ್ಲ ಅದನ್ನು ಒಳಗೆ ತಳ್ಳುವುದರಲ್ಲೇ ಖರ್ಚಾಗಿ ತೋಟೆ ಸುಮ್ಮನಾಗುತ್ತದೆ. ಆರ್ವಿಡ್ ಇಕ್ಕಳದಂಥ ಕೈಯುಪಕರಣದಲ್ಲಿ ಒಂದೊಂದೇ ಕೇಪನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಿದ್ದ. ಯಂತ್ರಕ್ಕೆ ಕಣ್ಣಿಲ್ಲ, ಬೆರಳಿಗಿದೆ ಎನ್ನುತ್ತಿದ್ದ.

ಒಮ್ಮೆ ಡೆಲ್ಮರ್‌ನ ತೋಟೆ ಹುಸಿಯಾಗಿ ಎದುರಿಗಿದ್ದ ಎಲ್ಕ್ ಕಡವೆ ನಿಧಾನವಾಗಿ ನಡೆದುಹೋಗಿತ್ತು. “ಕೇಪು ಕೂರ್ಸಕ್ಕೆ ಬರದೋನು ಕೋವಿ ಮಾರಿ ಕೋಳಿ ಸಾಕ್ಲಿ,” ಎಂದು ಆರ್ವಿಡ್ ಊರೆಲ್ಲ ಸಾರಿದ. ಸಾಲದ್ದಕ್ಕೆ ಆ ಕ್ರಿಸ್‌ಮಸ್‌ಗೆ ಡೆಲ್ಮರ್‌ನ ಬಾಗಿಲಿಗೆ ಕೋಳಿಮೇವಿನ ಮೂಟೆ ಇಳಿಸಿ ಬಂದ. ಅಷ್ಟು ಕೊಬ್ಬು ಅವನಿಗಿತ್ತು, ಸುಳ್ಳೇಕೆ ಹೇಳಬೇಕು.

ಆಮೇಲೆ ಅವನ ಹೆಬ್ಬೆರಳ ಗಂಟು ಊದಿಕೊಂಡಿತು. ಕೇಪುಗಳು ಎದ್ದು ನಿಲ್ಲತೊಡಗಿದವು. ಅವನು ಉಪಕರಣ ಬಿಚ್ಚಿ ಕೇಪಿನ ತಟ್ಟೆ ತೊಳೆದ, ಹಿಡಿಯ ಸನ್ನೆಗೆ ಎಣ್ಣೆ ಬಿಟ್ಟ, ಸ್ಪ್ರಿಂಗ್ ಬದಲಿಸಿದ, ಹಿತ್ತಾಳೆಯ ಕುಳಿಗಳ ಮಸಿ ಕೆರೆದ. ಕೊನೆಗೆ ಕೇಪು ಮಾಡಿದವರನ್ನು ಬೈದ. ಕೈಯ ಮಾತು ಮಾತ್ರ ಎತ್ತಲಿಲ್ಲ. ಗೋಡೆಯಾಚೆ ಲವೊನ್ ಎಲ್ಲವನ್ನೂ ಕೇಳಿಸಿಕೊಂಡಳು.

ಕೇಪು ಒತ್ತುವುದು ಒಂದು ದಿನ, ಮದ್ದು ತುಂಬುವುದು ಮರುದಿನ, ಇದು ಅವನ ಪದ್ಧತಿ. ಹಾಗೆ ಕೇಪು ಒತ್ತಿಟ್ಟ ಮರುದಿನ, ಮದ್ದು ತುಂಬುವ ಮುಂಚೆ, ಅವನು ಬೆಳಗಿನ ಕಾಫಿಗೆ ಪೇಟೆಗೆ ಹೋದಾಗ ಅವಳು ಮೊದಲ ಸಲ ಆ ಕೋಣೆಗೆ ಹೋದಳು. ಖಾಲಿ ಹಿತ್ತಾಳೆಗಳ ತಳ ಸವರಿ, ಬೆರಳಿಗೆ ತಡೆದವನ್ನು ಮತ್ತೆ ಉಪಕರಣಕ್ಕೆ ಸಿಕ್ಕಿಸಿ ಬಿಗಿಯಾಗಿ ಒತ್ತಿದಳು.

“ನೋಡಿದ್ಯಾ, ಕೊನೆಗೂ ದಾರಿಗೆ ಬಂತು,” ಎಂದ ಆರ್ವಿಡ್ ಮುಂದಿನ ವಾರ. “ಎಣ್ಣೆ ಸರಿಯಾಗಿ ಇಳಿದಿರ್ಲಿಲ್ಲ, ಅಷ್ಟೆ.”

“ಇರಬೇಕು,” ಎಂದಳು.

ಮುಂದೆ ಅದೇ ಅವಳ ಕೆಲಸವಾಯಿತು. ಈ ಕೊನೆಯ ಪೆಟ್ಟಿಗೆ ತುಂಬುವಾಗ ಮಾತ್ರ ಅವಳು ಕಣ್ಣಿನ ಆಪರೇಷನ್ನಿಗೆಂದು ಅಕ್ಕನ ಊರಿನಲ್ಲಿದ್ದಳು. ಮದ್ದು ತುಂಬಿದ ಮೇಲೆ ಕೇಪನ್ನು ಯಾರೂ ಒತ್ತುವ ಹಾಗಿಲ್ಲ, ತೋಟೆ ಕೈಯಲ್ಲೇ ಸಿಡಿದೀತು.

*

ಪಾದ್ರಿಯ ಪ್ರಾರ್ಥನೆ ಮುಗಿಯಿತು. ಮೂವರು ಗೆಳೆಯರು ಗೋರಿಯ ಪಕ್ಕ ನಿಂತು ದಿಬ್ಬಕ್ಕೆ ಕೋವಿ ಹಿಡಿದರು. ಮೊದಲನೆಯವನ ಈಡು ಹಾರಿತು. ಎರಡನೆಯವನದೂ ಹಾರಿತು. ಲವೊನ್ ಉಸಿರು ಬಿಟ್ಟಳು.

ಡೆಲ್ಮರ್ ಟ್ರಿಗರ್ ಎಳೆದ. ‘ಟಕ್’ ಎಂದಿತು, ಅಷ್ಟೇ.

ತಡವಾಗಿ ಸಿಡಿಯಬಹುದೆಂದು ಡೆಲ್ಮರ್ ಕೋವಿಯನ್ನು ದಿಬ್ಬಕ್ಕೇ ಹಿಡಿದು ಕಾದ. ಹಿಂದೆ ಯಾರೋ ಕೆಮ್ಮಿದರು.

“ನನ್ನ ಕೋವಿದೇ ತಪ್ಪು,” ಎಂದ ಡೆಲ್ಮರ್, ಎಲ್ಲರಿಗೂ ಕೇಳುವಂತೆ. “ಸೂಜಿ ಸ್ಪ್ರಿಂಗ್ ಸತ್ತುಹೋಗಿದೆ. ಬದಲಿಸೋಕೆ ಸೋಮಾರಿತನ.”

“ಕೋಳಿನೇ ಸಾಕಬೇಕಿತ್ತು ನೀನು,” ಎಂದಿತು ಒಂದು ದನಿ. ಕೆಲವರು ನಕ್ಕರು. ಡೆಲ್ಮರ್ ಕೂಡ ನಗಲು ನೋಡಿದ. ಅವನ ಕಿವಿ ಕೆಂಪಾಗಿತ್ತು.

ಲವೊನ್ ಸುಮ್ಮನಿದ್ದಿದ್ದರೆ ಗಂಡನ ಹೆಸರು ಕೆಡದೆ ಅವನ ಜೊತೆಗೇ ಮಣ್ಣು ಸೇರುತ್ತಿತ್ತು. ಅವಳಿಗೆ ಬೇಕಾಗಿದ್ದುದೂ ಅದೇ. ಆದರೆ ಆ ಕೆಂಪು ಕಿವಿಯನ್ನು ನೋಡಿಕೊಂಡು ನಿಲ್ಲಲು ಅವಳಿಂದ ಆಗಲಿಲ್ಲ.

“ನಿನ್ನ ಕೋವಿ ಸರಿಯಾಗೇ ಇದೆ ಡೆಲ್ಮರ್,” ಎಂದಳು. “ಕೇಪು ಎದ್ದು ನಿಂತಿತ್ತು. ಅವರ ಕೈಯಲ್ಲಿ ಬಲ ಇರ್ಲಿಲ್ಲ. ಎರಡು ವರ್ಷದಿಂದ ನಾನೇ ಒತ್ತಿ ಕೊಡ್ತಿದ್ದೆ, ಅವರಿಗೆ ಹೇಳಿರ್ಲಿಲ್ಲ. ಇದೊಂದು ಪೆಟ್ಟಿಗೆ ನನ್ನ ಕೈಗೆ ಸಿಗ್ಲಿಲ್ಲ.”

ಅವಳು ಅವನ ಕೋವಿಯತ್ತ ಕೈ ತೋರಿಸಿದಳು.

“ಈಗ ಸೂಜಿ ಅದನ್ನ ಒಳಗೆ ತಳ್ಳಿರತ್ತೆ. ಇನ್ನೊಂದ್ಸಲ ಹೊಡಿ.”

ಡೆಲ್ಮರ್ ಕೋವಿಯ ಪಕ್ಕದ ಹಿಡಿಯನ್ನು ಎತ್ತಿ ಇಳಿಸಿ, ಸೂಜಿಯನ್ನು ಬಿಗಿದು, ಮತ್ತೆ ಟ್ರಿಗರ್ ಎಳೆದ. ಈಡು ಹಾರಿ ದಿಬ್ಬದಿಂದ ಮಣ್ಣು ಸುರಿಯಿತು.

ಮೆರ್ನಾ ಪಕ್ಕಕ್ಕೆ ಬಂದು ಅತ್ತಿಗೆಯ ಬಲಗೈಯ ಕಪ್ಪು ಗವುಸನ್ನು ಬೆರಳು ಬೆರಳಾಗಿ ಬಿಡಿಸಿದಳು. ಹೆಬ್ಬೆರಳ ಬುಡದಲ್ಲಿ ಹಳದಿಗಟ್ಟಿದ ಜಡ್ಡು ಇತ್ತು. ಅಂಥದ್ದನ್ನು ಅವಳು ಅಣ್ಣನ ಕೈಯಲ್ಲಿ ಚಿಕ್ಕಂದಿನಿಂದ ಕಂಡಿದ್ದಳು. ಜನ ಹಿಡಿಮಣ್ಣು ಹಾಕಲು ಸಾಲು ನಿಂತರೂ ಅವಳು ಆ ಕೈಯನ್ನು ತನ್ನೆರಡು ಕೈಗಳ ನಡುವೆ ಹಿಡಿದುಕೊಂಡೇ ಇದ್ದಳು.