ಅವನ ಕಾಲಿನ ಅಳತೆ

ಆ ಪಿಕಪ್ ಗಾಡಿಯಲ್ಲಿ ಮುಂದೆ ಇದ್ದದ್ದು ಬೆಂಚಿನಂಥ ಒಂದೇ ಉದ್ದ ಸೀಟು. ಎಳೆದರೆ ಇಡೀ ಸೀಟೇ ಮುಂದೆ, ತಳ್ಳಿದರೆ ಇಡೀ ಸೀಟೇ ಹಿಂದೆ. ಗಂಡ ಆರಡಿ ಆಳು, ಹೆಂಡತಿ ಅವನ ಭುಜಕ್ಕೂ ಬಾರದವಳು. ಲೈಸೆನ್ಸು ಸಿಕ್ಕ ಮರುದಿನ ಅವಳು ಸೀಟು ಎಳೆದುಕೊಂಡು ಗಾಡಿ ಓಡಿಸಿದ್ದಳು. ಪಕ್ಕದಲ್ಲಿ ಮಹಾರಾಯನ ಮೊಣಕಾಲು ಡ್ಯಾಶ್‌ಬೋರ್ಡಿಗೆ ಒತ್ತಿಕೊಂಡು, ದಾರಿಯುದ್ದಕ್ಕೂ ಒಂದೇ ರಾಗ: "ನನ್ನ ಕಾಲು ಮುರಿದು ಕೈಗೆ ಕೊಡಬೇಕು ಅಂತಿದ್ದೀಯಾ?" ಅಂದು ಅವನ ಜೇಬು ಸೇರಿದ ಕೀಲಿ ಎರಡು ವರ್ಷ ಅವಳ ಕೈಗೆ ಸಿಗಲಿಲ್ಲ.

ಹೂಗಿಡ ಬೆಳೆಸಿ ಮನೆಮನೆಗೆ ಮುಟ್ಟಿಸುವುದು ಅವರ ಕಸುಬು. ನೀರು ಹಾಕುವುದು ಅವಳು, ಕುಂಡ ಹೊರುವುದು ಅವಳು, ಯಾವ ಮನೆಗೆ ಯಾವ ಗಿಡ ಎಂದು ನೆನಪಿಡುವುದೂ ಅವಳೇ. ಸ್ಟೀರಿಂಗ್ ಮಾತ್ರ ಅವನದು. ಸಾಹೇಬರಿಗೆ ಮನಸ್ಸು ಬಂದಾಗ ಗಾಡಿ ಹೊರಡಬೇಕು. ಅಷ್ಟರಲ್ಲಿ ಗಿಡ ಬಾಡಿದರೆ ಬೈಸಿಕೊಳ್ಳುವುದು ಇವಳು. ಮೈ ಉರಿಯದೆ ಇರುತ್ತದೆಯೇ?

ದಾರಿ ಹುಡುಕಿದವಳೂ ಅವಳೇ. ಉದ್ದ ಸೀಟು ಕಿತ್ತು ಒಬ್ಬೊಬ್ಬರಿಗೊಂದರಂತೆ ಎರಡು ಬಕೆಟ್ ಸೀಟು ಹಾಕಿಸಿದರೆ ಒಂದೊಂದೂ ತನ್ನ ಹಳಿಯ ಮೇಲೆ ಬೇರೆಯಾಗಿ ಜಾರುತ್ತದೆ. ಅವಳು ಮುಂದೆ, ಅವನು ಹಿಂದೆ, ಯಾರ ಮೊಣಕಾಲಿಗೂ ತೊಂದರೆಯಿಲ್ಲ. ಆರು ತಿಂಗಳು ತಲೆ ತಿಂದ ಮೇಲೆ ಅವನು ಹೂಂ ಅಂದ. ಗಾಡಿಯನ್ನು ಸೀಟು ಕೆಲಸದವನ ಶೆಡ್ಡಿಗೆ ಒಯ್ದವನೂ ಅವನೇ. ಅಲ್ಲೇ ಎಡವಟ್ಟಾದದ್ದು.

ಮಾರನೆಯ ಮಧ್ಯಾಹ್ನ ಗಂಡನ ಜೊತೆ ಶೆಡ್ಡಿಗೆ ಹೋದವಳು ನೇರ ಡ್ರೈವರ್ ಸೀಟು ಹತ್ತಿದಳು. ಕಾಲು ಕ್ಲಚ್ಚಿಗೆ ಎಟುಕಲಿಲ್ಲ. ಸೀಟಿನಡಿ ತಡಕಾಡಿದಳು.

"ಎಳೆಯೋ ಹಿಡಿ ಎಲ್ಲಿ?"

ಸೀಟು ಕೆಲಸದವನು ತಲೆ ಕೆರೆದುಕೊಂಡ. "ಯಜಮಾನರು ಬೇಡ ಅಂದ್ರು ಅಕ್ಕಾ. ಹಳಿ ತೆಗೆದು, ಅವರ ಕಾಲಿನ ಅಳತೆಗೆ ನೇರ ನೆಲಕ್ಕೇ ಬೋಲ್ಟ್ ಹಾಕಿದೀನಿ. ಆ ಕಡೆ ಸೀಟಿಗೆ ಮಾತ್ರ ಹಳಿ ಇದೆ."

ಗಂಡ ಸೀಟಿನ ಬೆನ್ನು ತಟ್ಟಿದ. "ಹಳಿ ಸವೆದ್ರೆ ಗಡಗಡ ಅನ್ನುತ್ತೆ. ಇದು ನೋಡು, ಅಲ್ಲಾಡೋದೇ ಇಲ್ಲ. ನೀನು ಬೇಕಾದ್ರೆ ಆ ಕಡೆ ಕೂತು ಮುಂದೆ ಹಿಂದೆ ಆಡಿಸ್ಕೋ."

ಆಡಿಸಿಕೊಳ್ಳಬೇಕಂತೆ. ಅದೇನು ತೊಟ್ಟಿಲೇ?

"ಮತ್ತೆ ನಾನು ಓಡಿಸೋದು?"

"ಓಡಿಸೋಕೆ ನಾನಿಲ್ವಾ?"

ಅವಳಿಗೆ ಪಿತ್ತ ನೆತ್ತಿಗೇರಿತು. ಎರಡು ವರ್ಷ ನುಂಗಿಕೊಂಡದ್ದೆಲ್ಲ ನಾಲಿಗೆಯ ತುದಿಗೆ ಬಂತು. ಆದರೆ ಅವಳು ತಿರುಗಿದ್ದು ಸೀಟು ಕೆಲಸದವನ ಕಡೆಗೆ.

"ಎರಡೂ ಕಡೆ ಬೋಲ್ಟಿನ ತೂತು ಒಂದೇ ಅಳತೆಯಾ ಅಣ್ಣಾ?"

"ಒಂದೇ ಅಕ್ಕಾ."

"ಸ್ಪ್ಯಾನರ್ ಕೊಡಿ."

ಎಂಟು ಬೋಲ್ಟ್. ಮಂಡಿಯೂರಿ ಒಂದೊಂದನ್ನೂ ಅವಳೇ ಬಿಚ್ಚಿದಳು; ಬೆರಳ ಗಂಟು ತರಚಿತು, ಲೆಕ್ಕಿಸಲಿಲ್ಲ. ಗಂಡ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ, "ಏನಿದು ನಿನ್ನ ಹುಚ್ಚಾಟ, ಜನ ನೋಡ್ತಿದ್ದಾರೆ."

"ನೋಡ್ಲಿ ಬಿಡಿ. ಎರಡು ವರ್ಷ ನಾನೂ ನೋಡಿದೀನಿ."

ಸೀಟು ಕೆಲಸದವನು ಕೈ ಹಾಕಿದ. ಇಬ್ಬರೂ ಸೇರಿ ಸೀಟುಗಳನ್ನು ಅದಲುಬದಲು ಮಾಡಿ ಬಿಗಿದರು. ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಗಾಡಿಯ ಕೀಲಿಯನ್ನು ಅವಳು ತೆಗೆದುಕೊಂಡು ಹತ್ತಿ ಕೂತು, ಸೀಟು ಮುಂದಕ್ಕೆಳೆದಳು. ಕ್ಲಚ್ಚು ಪೂರ್ತಿ ಕೆಳಗಿಳಿಯಿತು. ಅಭ್ಯಾಸಬಲದಿಂದ ಗಂಡ ಬಂದು ನಿಂತದ್ದು ಅದೇ ಬಾಗಿಲಿಗೆ, ಕೈ ಚಾಚಿಕೊಂಡು.

"ನಿಮ್ಮ ಸೀಟು ಆ ಕಡೆ ಇದೆ ರೀ. ನಿಮ್ಮ ಕಾಲಿನ ಅಳತೆದೇ. ಅಲ್ಲಾಡೋದೇ ಇಲ್ಲ."

ಅವನು ಸುತ್ತಿಕೊಂಡು ಹೋಗಿ ಕೂತ. ಕಾಲು ಚಾಚಿದ. ಆರಾಮಾಗಿತ್ತು, ದೂರಲು ಏನೂ ಸಿಗಲಿಲ್ಲ. ಅವಳ ಸಿಟ್ಟು ಇಳಿದಿರಲಿಲ್ಲ. ಅದೇ ಸಿಟ್ಟಿನಲ್ಲಿ ಮೊದಲ ಗೇರು ಹಾಕಿದಳು. ಗಾಡಿ ಒಂದಿಷ್ಟೂ ಕುಲುಕದೆ ಹೊರಟಿತು.