ಇಪ್ಪತ್ನಾಲ್ಕನೆಯ ಸದ್ದು

ಸುಯ್ — ಇಪ್ಪತ್ತೆರಡು, ಕಪ್ಪಿನಲ್ಲಿ ಕಾಫಿ ಆರಿ ಕೆನೆ ಕಟ್ಟುತ್ತಿದೆ, ಕಿಟಕಿಯ ಗಾಜಿನ ಮೇಲೆ ನೊಣವೊಂದು ಹತ್ತುವುದು, ಜಾರುವುದು, ಮತ್ತೆ ಹತ್ತುವುದು, ಸುಯ್, ಇಪ್ಪತ್ಮೂರು, ಅಬ್ಬ, ಇವತ್ತಿನದು ಮುಗಿಯಿತು ಎಂದು ಅವಳು ಕಪ್ಪಿಗೆ ಕೈ ಚಾಚಿದಳು, ದಿನವೂ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಲ್ಯಾಬಿನ ಈ ಮ್ಯಾಕ್ ಕಂಪ್ಯೂಟರು ತನ್ನ ಪಾಡಿಗೆ ತಾನು ರೋಗಿಗಳ ವರದಿಗಳನ್ನು ಒಂದೊಂದಾಗಿ ಮೇಲ್ ಮಾಡುತ್ತದೆ, ಒಂದು ಹೋದರೆ ಒಂದು ಸುಯ್, ಆ ಸದ್ದನ್ನು ನಿಲ್ಲಿಸಬಹುದಿತ್ತು, ಆದರೆ ಎಣಿಸುವುದು ಅವಳ ಚಾಳಿ, ಬೆಳಿಗ್ಗೆ ನೋಡಿದಾಗ ಫೋಲ್ಡರಿನಲ್ಲಿ ಇಪ್ಪತ್ನಾಲ್ಕು ಫೈಲು, ಅದರಲ್ಲಿ ಒಂದರ ಹೆಸರಿನ ಪಕ್ಕ ಕೆಂಪು ಚುಕ್ಕೆ, ಚುಕ್ಕೆ ಇಟ್ಟದ್ದು ಹೋಗುವುದಿಲ್ಲ, ಹೋಗಕೂಡದು, ಆದ್ದರಿಂದ ಇಪ್ಪತ್ಮೂರೇ — ಸುಯ್. ಕೈ ಕಪ್ಪಿನ ಕಿವಿಯ ಮೇಲೆಯೇ ಉಳಿಯಿತು. ಎಣಿಕೆ ತಪ್ಪಿರಬೇಕು, ನಡುವೆ ಯಾರೋ ಬಾಗಿಲು ತಳ್ಳಿದರಲ್ಲ, ರಕ್ತ ಕೊಡಲು ಬಂದ ಮುದುಕರು ಉಪವಾಸದಲ್ಲಿ ಬರ್ಬೇಕಿತ್ತೇನಮ್ಮಾ ಎಂದರಲ್ಲ, ಆಗ ಒಂದನ್ನು ಎರಡು ಸಲ ಎಣಿಸಿರಬೇಕು, ಹೌದು, ಹಾಗೇ ಇರಬೇಕು, ಎಂದುಕೊಳ್ಳುತ್ತಲೇ ಬೆರಳು ಫೋಲ್ಡರನ್ನು ತೆರೆದಾಗಿತ್ತು, ಕಣ್ಣು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ, ಹೆಸರುಗಳೆಲ್ಲ ಇವೆ, ಅತ್ತಿಗೆಯ ಹೆಸರೂ ಇದೆ, ಅದರ ಪಕ್ಕ ಚುಕ್ಕೆ ಇಲ್ಲ.

ಇಲ್ಲ ಅಂದರೆ ಏನರ್ಥ, ಮೂರು ದಿನದಿಂದ ಇತ್ತು, ತಾನೇ ಇಟ್ಟದ್ದು, ಕಣ್ಣಾರೆ ನೋಡಿದ್ದು — ಮತ್ತೆ ನೆನಪಾಯಿತು, ವಯಸ್ಸು, ಹಾಳಾದ ವಯಸ್ಸು, ವರದಿಯಲ್ಲಿ ಅತ್ತಿಗೆಯ ವಯಸ್ಸು ಮೂವತ್ನಾಲ್ಕು ಎಂದು ಬಿದ್ದಿತ್ತು, ನಲವತ್ಮೂರು ಆಗಬೇಕು, ಅತ್ತಿಗೆ ನೋಡಿದ್ದರೆ ಬಿಡೇ, ಹಾಗೇ ಇರ್ಲಿ, ಇಷ್ಟಾದ್ರೂ ಒಳ್ಳೇದು ಬರೆದಿದಾರಲ್ಲ ಎಂದು ನಗುತ್ತಿದ್ದಳು, ಆದರೆ ಇವಳಿಗೆ ಸುಮ್ಮನಿರಲು ಆಗಲಿಲ್ಲ, ಹೇಳಬೇಕಾದದ್ದನ್ನು ಹೇಳಲಾಗದವರು ಮಾಡುವ ಕೆಲಸ ಇಂಥದೇ, ಬೆಳಿಗ್ಗೆ ಬಂದವಳೇ ವಯಸ್ಸು ತಿದ್ದಿ ಹೊಸ ಫೈಲು ಮಾಡಿ ಅದೇ ಹೆಸರಿನಲ್ಲಿ ಹಳೆಯದರ ಮೇಲೆ ಇಟ್ಟಳು, ಹಳೆಯದನ್ನು ತೆಗೆದು ಇದನ್ನು ಹಾಕಲೇ ಎಂದು ಮ್ಯಾಕ್ ಕೇಳಿತು, ಹೂಂ ಎಂದು ಒತ್ತಿದಳು, ಹಳೆಯ ಫೈಲಿನ ಜೊತೆಗೆ ಅದರ ಚುಕ್ಕೆಯೂ ಹೋಯಿತು, ಹೊಸ ಫೈಲು ಬೋಳು ಹಣೆಯಲ್ಲಿ ಸಾಲಿನಲ್ಲಿ ನಿಂತಿತು, ಮೇಲ್ ಕಳಿಸುವ ಆಜ್ಞೆಗಳ ಸ್ಕ್ರಿಪ್ಟು ಬಂತು, ನೋಡಿತು, ಚುಕ್ಕೆ ಇಲ್ಲ, ಕಳಿಸಿತು. ಅದರದೇನು ತಪ್ಪು. ಎರಡು ಭಾನುವಾರ ಕೂತು ಅದನ್ನು ಬರೆದವಳು ಅವಳೇ, ಅದಕ್ಕೂ ಮುಂಚೆ ಒಂದೊಂದೇ ವರದಿ ಹುಡುಕಿ, ಒಂದೊಂದೇ ವಿಳಾಸ ಹಾಕಿ, ಲಗತ್ತಿಸಿ, ಸಂಜೆಯ ಹೊತ್ತಿಗೆ ಕತ್ತು ಹಿಡಿದುಕೊಳ್ಳುತ್ತಿತ್ತು, ಸ್ಕ್ರಿಪ್ಟು ಮೊದಲ ಸಲ ಓಡಿದ ದಿನ ಡಾಕ್ಟರು ಚಪ್ಪಾಳೆ ತಟ್ಟಿ ಯಂತ್ರಮ್ಮ ಎಂದು ಹೆಸರಿಟ್ಟರು, ಅದರ ಭಾಷೆಯೂ ಎಷ್ಟು ಸಲೀಸು, ಪ್ರತಿ ಆಜ್ಞೆಯೂ ಹೇಳು ಎಂದೇ ಶುರು, ಮೇಲ್‌ಗೆ ಹೇಳು, ಹೊಸ ಪತ್ರ ಮಾಡು, ಮೇಲ್‌ಗೆ ಹೇಳು, ಇವರಿಗೆ ಕಳಿಸು, ಕೆಂಪು ಚುಕ್ಕೆ ಇದ್ದರೆ ಬಿಟ್ಟು ಮುಂದೆ ಹೋಗು. ಚುಕ್ಕೆಯ ನಿಯಮ ಡಾಕ್ಟರದು, ಕೆಟ್ಟ ಸುದ್ದಿಯನ್ನ ಕಾಗದ ಹೇಳ್ಬಾರ್ದು ಯಂತ್ರಮ್ಮ, ಮನುಷ್ಯರು ಹೇಳ್ಬೇಕು, ಎದುರಿಗೆ ಕೂರಿಸ್ಕೊಂಡು. ಮೊನ್ನೆ ಮೊನ್ನೆ ಅದೇ ಡಾಕ್ಟರು ಕನ್ನಡಕ ತೆಗೆದು ಒರೆಸುತ್ತ ನಿಂತು, ನಿಮ್ಮತ್ತಿಗೆಗೆ ನಾನೇ ಫೋನ್ ಮಾಡ್ಲಾ ಎಂದರು, ಬೇಡ ಡಾಕ್ಟ್ರೇ, ನಾನೇ ಹೇಳ್ತೀನಿ, ಎಂದಳು. ನಿನ್ನೆ ಮತ್ತೆ ಕೇಳಿದರು, ಹೇಳಿದ್ರಾ? ಹೇಳ್ದೆ ಡಾಕ್ಟ್ರೇ. ನಾಲಿಗೆ ತಡವರಿಸಲೂ ಇಲ್ಲ.

ಕಳಿಸಿದವುಗಳ ಪಟ್ಟಿಯಲ್ಲಿ ಕೊನೆಯದು ಅದೇ, ಹನ್ನೊಂದು ಗಂಟೆ ಎಂಟು ನಿಮಿಷ, ಕೆಳಗೆ ತಾನೇ ಬರೆದಿಟ್ಟ ಸಾಲು, ನಿಮ್ಮ ವರದಿಯನ್ನು ಲಗತ್ತಿಸಲಾಗಿದೆ, ನಿಮ್ಮ ದಿನ ಶುಭವಾಗಿರಲಿ, ಥೂ, ವಾಪಸ್ ಎಳೆದುಕೊಳ್ಳುವ ಹಾಗಿಲ್ಲ, ಹೋದದ್ದು ಹೋಯಿತು, ಅತ್ತಿಗೆ ಈಗ ಈಜುಕೊಳದಲ್ಲಿ, ಹನ್ನೊಂದೂವರೆಯ ತನಕ ಮಕ್ಕಳಿಗೆ ಈಜು ಕಲಿಸುವ ಕ್ಲಾಸು, ಫೋನು ಲಾಕರಿನಲ್ಲಿ, ಕರೆ ಮಾಡಲೇ, ಬೇಡ ಬೇಡ, ಮಿಸ್ಡ್ ಕಾಲ್ ನೋಡಿದರೆ ಒದ್ದೆ ಕೈಯಲ್ಲೇ ಫೋನ್ ಹಿಡಿಯುತ್ತಾಳೆ, ಒದ್ದೆ ಕೈಯಲ್ಲೇ ಮೇಲ್ ತೆರೆಯುತ್ತಾಳೆ — ಐದೇ ನಿಮಿಷ ಬಂದೆ ಎಂದು ಯಾರಿಗೆ ಹೇಳಿದಳೋ, ಮುದುಕರಿಗೋ ಗೋಡೆಗೋ, ಮೆಟ್ಟಿಲು ಎರಡೆರಡಾಗಿ ಇಳಿದು ಬೀದಿಗೆ ಬಂದಾಗಿತ್ತು. ಎರಡು ತಿರುವು, ಒಂದು ಔಷಧಿ ಅಂಗಡಿ, ಅಗೆದು ಬಿಟ್ಟ ಫುಟ್‌ಪಾತು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಎದುರಿನಿಂದ ಗ್ಯಾಸ್ ಸಿಲಿಂಡರ್ ಹೊತ್ತವನು, ನಿಧಾನ ಅಕ್ಕಾ, ನಿಧಾನಕ್ಕೇನು ಬಂತು, ಮೂರು ದಿನ ನಿಧಾನ ಮಾಡಿ ಆಯಿತಲ್ಲ. ಮೊದಲ ದಿನ ಊಟಕ್ಕೆ ಕೂತಾಗ ಹೇಳಬೇಕೆಂದಿದ್ದಳು, ಅಣ್ಣ ಏನೋ ತಮಾಷೆ ಮಾಡಿದ, ಅತ್ತಿಗೆಗೆ ನಗು ತಡೆಯದೆ ನೀರು ನೆತ್ತಿಗೇರಿತು, ಆ ನಗುವನ್ನು ನಿಲ್ಲಿಸುವ ಪಾಪ ತನಗೇ ಯಾಕೆ ಎನಿಸಿತು, ಎರಡನೆಯ ದಿನ ಅತ್ತಿಗೆಯೇ ಕೇಳಿದಳು, ಏನೇ, ನಿಮ್ಮ ಲ್ಯಾಬಿನವರು ನಿದ್ದೆ ಹೊಡೀತಿದಾರಾ, ಒಂದು ಗಂಟು ನೋಡೋಕೆ ಎಷ್ಟು ದಿನ? ಇನ್ನೂ ಬಂದಿಲ್ಲ ಅತ್ತಿಗೆ. ಸರಿ, ಬಂದ್ರೆ ನೀನೇ ಬಾಯಲ್ಲಿ ಹೇಳ್ಬಿಡು, ಆ ಮೇಲ್ ಗೀಲ್ ನಂಗೆ ಅರ್ಥ ಆಗಲ್ಲ. ಬಂದಿಲ್ಲ ಎಂದಳಲ್ಲ, ಆ ಹೊತ್ತಿಗೆ ಅದು ಫೋಲ್ಡರಿನಲ್ಲಿ ಚುಕ್ಕೆ ಹೊತ್ತು ಕೂತಿತ್ತು, ಸ್ಕ್ರಿಪ್ಟು ಅದನ್ನು ಬಿಟ್ಟು ಮುಂದೆ ಹೋಗಿತ್ತು, ಇವಳೂ ಬಿಟ್ಟು ಮುಂದೆ ಹೋಗಿದ್ದಳು, ಸ್ಕ್ರಿಪ್ಟಿಗಾದರೆ ಹಾಗೆಂದು ಆಜ್ಞೆ ಇತ್ತು.

ಈಜುಕೊಳದ ಬಾಗಿಲಲ್ಲಿ ಕ್ಲೋರಿನ್ ವಾಸನೆ ಮೂಗಿಗೆ ಹೊಡೆದದ್ದೇ ಒಂಬತ್ತು ವರ್ಷದವಳಾಗಿಬಿಟ್ಟಳು, ಅಮ್ಮ ಹೋದ ವರ್ಷ, ಅಣ್ಣನ ಕೈ ಹಿಡಿದು ಮನೆಗೆ ಬಂದ ಹೊಸ ಅತ್ತಿಗೆ ಮೂಲೆಯಲ್ಲಿ ಮುದುರಿ ಕೂತ ನಾದಿನಿಯನ್ನು ನೋಡಿ, ಇವಳನ್ನ ನೀರಿಗೆ ಹಾಕ್ಬೇಕು ಎಂದದ್ದು, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ತೇಲಿಸಿದ್ದು, ಬಿಡ್ಬೇಡಿ ಅತ್ತಿಗೆ, ಬಿಡಲ್ಲ ಕಣೇ, ಕಾಲು ಬಡಿ — ತಿರುಗಿ ನೋಡಿದರೆ ಅತ್ತಿಗೆ ಹತ್ತು ಮಾರು ದೂರ, ಕೈ ಯಾವಾಗ ಬಿಟ್ಟಿತ್ತೋ, ದಡಕ್ಕೆ ಬಂದು ಎಷ್ಟು ಅತ್ತಿದ್ದಳು, ಹೇಳಿ ಬಿಡ್ಬೇಕಿತ್ತು ನೀವು, ಹೇಳಿದ್ರೆ ಮುಳುಗ್ತಿದ್ಯಲ್ಲೇ, ಆದ್ರೂ ಹೇಳ್ಬೇಕಿತ್ತು, ಆಯ್ತು ಮಾರಾಯ್ತಿ, ಇನ್ಮೇಲೆ ಏನಿದ್ರೂ ಹೇಳೇ ಮಾಡೋಣ, ನೀನೂ ಅಷ್ಟೇ, ನಾನೂ ಅಷ್ಟೇ. ಟಿಕೆಟ್ ಕೊಡುವ ಹೆಂಗಸು ತಲೆಯೆತ್ತಿ, ಏನ್ರೀ ಇಷ್ಟೊತ್ತಲ್ಲಿ, ನಿಮ್ಮತ್ತಿಗೆ ನೀರಲ್ಲಿದಾರೆ ಎಂದಳು, ಅವ್ರ ಲಾಕರ್ ಕೀ ಬೇಕಿತ್ತು, ಎಂದಳು ಇವಳು, ದನಿ ಎಷ್ಟು ಸಹಜವಾಗಿತ್ತೆಂದರೆ ಅವಳಿಗೇ ಭಯವಾಯಿತು, ಮೊಳೆಯಿಂದ ಕೀಲಿ ಕೈಗೆ ಬಂತು, ಲಾಕರಿನಲ್ಲಿ ಟವೆಲ್ಲು, ಬಾಚಣಿಗೆ, ಅಣ್ಣನ ಹಳೆಯ ಶರ್ಟು, ಅದರಡಿ ಫೋನು, ಮೇಲ್‌ನ ಚೌಕದ ಮೂಲೆಯಲ್ಲಿ ದುಂಡಗೆ, ಕೆಂಪಗೆ, ಒಂದು. ತೆರೆದಿಲ್ಲ. ನೋಡಿಲ್ಲ. ಉಸಿರು ಬಂತು. ಫೋನು ತೆರೆಯುವ ನಂಬರು ಮನೆಗೆಲ್ಲ ಗೊತ್ತು, ಮದುವೆಯ ವರ್ಷ, ಇವಳು ಫೋನಿನೊಳಗೆ ಹೋಗಿದ್ದಾಳೆ ಆಗಲೇ, ಹೆಬ್ಬೆರಳು ಆ ಮೇಲ್‌ನ ಮೇಲೆ, ಹೀಗೆ ಪಕ್ಕಕ್ಕೆ ಸರಿಸಿದರೆ ಸಾಕು, ಇರಲೇ ಇಲ್ಲ ಎಂಬಂತೆ ಹೋಗುತ್ತದೆ, ಇನ್ನೊಂದು ದಿನ ಸಿಗುತ್ತದೆ, ಭಾನುವಾರದ ತನಕ ಸಿಕ್ಕರೆ ಅಣ್ಣನಿಗೆ ಮೊದಲು ಹೇಳಿ, ಆಮೇಲೆ ನಿಧಾನವಾಗಿ — ಇನ್ನೊಂದು ದಿನ ಯಾರಿಗೆ ಸಿಗುತ್ತದೆ? ಅತ್ತಿಗೆಗಲ್ಲ. ಆ ಗಂಟಿಗೆ. ಬೇಗ ದೊಡ್ಡಾಸ್ಪತ್ರೆಗೆ ಕಳಿಸಿ, ಒಂದೊಂದು ದಿನಾನೂ ಮುಖ್ಯ ಎಂದರಲ್ಲ ಡಾಕ್ಟರು, ಕನ್ನಡಕ ಒರೆಸುತ್ತ. ಸರಿಸದೆ ಹೆಬ್ಬೆರಳನ್ನು ಹಾಗೇ ಎತ್ತಿದಳು.

ಶೂ ಕಳಚಲು ಮರೆತಿದ್ದಳು, ಒದ್ದೆ ಟೈಲ್ಸಿನ ಮೇಲೆ ಕಚಪಚ, ಮಕ್ಕಳೆಲ್ಲ ಕಂಬಿ ಹಿಡಿದು ಸಾಲಾಗಿ ಕಾಲು ಬಡಿಯುತ್ತಿವೆ, ನೀರೆಲ್ಲ ನೊರೆ, ನೊರೆಯ ಆಚೆ ನೀಲಿ, ನೀಲಿಯ ನಡುವೆ ಅತ್ತಿಗೆಯ ಕೆಂಪು ಟೊಪ್ಪಿ, ಮುಳುಗುತ್ತದೆ, ಏಳುತ್ತದೆ, ದೂರಕ್ಕೆ ಬರೀ ಚುಕ್ಕೆ, ಹೇಳು, ಈಗ ಹೇಳು, ಅತ್ತಿಗೆಗೆ ಹೇಳು, ಮುಂದಿನ ಸಾಲೇನು, ಅತ್ತಿಗೆಗೆ ಹೇಳು, ಬರುತ್ತಿಲ್ಲ, ಸ್ಕ್ರಿಪ್ಟಿಗಾದರೆ ಹನ್ನೆರಡೇ ಸಾಲು ಸಾಕಾಯಿತು, ಚುಕ್ಕೆ ತಿರುಗಿತು, ಇತ್ತಲೇ ಬರುತ್ತಿದೆ, ಮುಖವಾಯಿತು, ನಗುವಾಯಿತು, ಏನೇ ಇದು, ಶೂ ಹಾಕ್ಕೊಂಡೇ ಬಂದ್ಬಿಟ್ಯಾ, ಟಿಕೆಟ್ ಹೆಂಗಸು ನೋಡಿದ್ರೆ ನನ್ ಕೆಲ್ಸ ಹೋಗತ್ತೆ ಅಷ್ಟೇ — ಎನ್ನುತ್ತಿದ್ದವಳ ಕಣ್ಣು ಇವಳ ಕೈಯಲ್ಲಿದ್ದ ತನ್ನ ಫೋನಿಗೆ ಬಂತು, ಅಲ್ಲಿಂದ ಇವಳ ಮುಖಕ್ಕೆ, ಮತ್ತೆ ಫೋನಿಗೆ. ಮಕ್ಕಳು ಕಾಲು ಬಡಿಯುತ್ತಲೇ ಇದ್ದವು. ಬಂತಾ, ಎಂದಳು ಅತ್ತಿಗೆ. ಬಂತು ಅತ್ತಿಗೆ. ಯಾವಾಗ? ಈಗ ಎನ್ನಬಹುದಿತ್ತು, ಹನ್ನೊಂದು ಎಂಟು ಎನ್ನಬಹುದಿತ್ತು, ಅದೂ ಸುಳ್ಳಾಗುತ್ತಿರಲಿಲ್ಲ, ಮೂರು ದಿನ ಆಯ್ತು, ಎಂದಳು, ಒಳ್ಳೇದಿಲ್ಲ ಅತ್ತಿಗೆ, ನಂಗೆ ಹೇಳಕ್ಕಾಗ್ಲಿಲ್ಲ. ಅತ್ತಿಗೆ ದಡದ ಕಂಬಿಯಿಂದ ಕೈ ಬಿಟ್ಟಳು. ಕಣ್ಣು ಮುಚ್ಚಿ ಹಾಗೇ ಕೆಳಕ್ಕೆ ಇಳಿದಳು, ನೀರು ಅವಳ ಮೇಲೆ ಕೂಡಿಕೊಂಡಿತು, ಒಂದು, ಇವಳಿಗೆ ಗೊತ್ತಿಲ್ಲದೆ ಎಣಿಕೆ ಶುರುವಾಗಿತ್ತು, ಎರಡು, ಮೂರು, ಉಸಿರು ಹಿಡಿದು ನಿಮಿಷವಿಡೀ ಇರಬಲ್ಲಳು ಅತ್ತಿಗೆ, ಗೊತ್ತು, ಒಂಬತ್ತು, ಹತ್ತು, ಫೋನು ಒದ್ದೆ ಕೈಯಲ್ಲಿ ಜಾರುತ್ತಿದೆ, ಹದಿನೇಳು, ಏಳಿ ಅತ್ತಿಗೆ, ಇಪ್ಪತ್ತೆರಡು, ಇಪ್ಪತ್ಮೂರು, ನೊರೆ, ನೊರೆಯಡಿ ನೀಲಿ ನೀರು, ಕಣ್ಣು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ, ಕೆಂಪು ಚುಕ್ಕೆ ಇಲ್ಲ, ಕೆಂಪು ಚುಕ್ಕೆ ಇಲ್ಲ.